ಸರ್ವರ್ ಅಪ್‌ಗ್ರೇಡ್: ಮಳೆಗಾಲಕ್ಕೆ ಮೊದಲೇ ಮುಗಿಸಿ

ಮಾನ್ಯರೇ,

ಕಚೇರಿಯ ಸರ್ವರ್ ಯಂತ್ರಗಳನ್ನು ನಡೆಸುವ ವಿಂಡೋಸ್ ಸರ್ವರ್ 2016ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ ಸಿಗುವುದು 2027ರ ಜನವರಿ 12ರವರೆಗೆ ಮಾತ್ರ. ಅದನ್ನೇ ನೆಚ್ಚಿಕೊಂಡಿರುವ ಉಡುಪಿ, ಮಂಗಳೂರಿನ ಸಹಕಾರಿ ಸಂಘಗಳು, ಶಾಲಾ ಕಚೇರಿಗಳು ಈಗಲೇ ತಯಾರಾಗಬೇಕು. 2016ರಿಂದ ನೇರವಾಗಿ ವಿಂಡೋಸ್ ಸರ್ವರ್ 2025ಕ್ಕೆ ಏರಬಹುದು. ನಡುವಿನ ಮೆಟ್ಟಿಲು ಬೇಕಿಲ್ಲ.

ಹೆಚ್ಚಿನವರು ಎಡವುವುದು ಸೆಟಪ್‌ನಲ್ಲಿ. ಹಳೆಯದು ‘ಡೆಸ್ಕ್‌ಟಾಪ್ ಎಕ್ಸ್‌ಪೀರಿಯನ್ಸ್’ (ಮೌಸ್, ಕಿಟಕಿಗಳಿರುವ ಮಾಮೂಲಿ ಪರದೆ) ಆಗಿದ್ದು ಹೊಸದರಲ್ಲಿ ಕೋರ್ (ಆ ಪರದೆಯಿಲ್ಲದೆ ಆಜ್ಞೆಗಳಿಂದ ನಡೆಸುವ ಬಗೆ) ಆರಿಸಿದರೆ, ಅಥವಾ ಭಾಷೆ ಬೇರೆಯಾದರೆ, ಫೈಲು, ಅಪ್ಲಿಕೇಶನ್ ಉಳಿಸಿಕೊಳ್ಳುವ ಆಯ್ಕೆ ಮಂಕಾಗಿ ಕ್ಲಿಕ್ ಆಗುವುದೇ ಇಲ್ಲ. ಆಗ ‘ನಥಿಂಗ್’ ಒತ್ತಿ ಮುಂದುವರಿದರೆ ಹಾಕಿದ್ದ ಸಾಫ್ಟ್‌ವೇರ್ ಎಲ್ಲ ಹೋಯಿತು. ಅಲ್ಲೇ ನಿಲ್ಲಿಸಿ, ಆವೃತ್ತಿ ಸರಿಪಡಿಸಿ.

ಸಿ ಡ್ರೈವ್‌ನಲ್ಲಿ 40 ಜಿಬಿಯಾದರೂ ಖಾಲಿ ಇರಲಿ. ಹಳೆಯ ವಿಂಡೋಸ್ ಅಲ್ಲೇ ‘ವಿಂಡೋಸ್.ಓಲ್ಡ್’ ಆಗಿ ಕೂರುತ್ತದೆ. ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ದಾಖಲೆ, ಬ್ಯಾಕಪ್ ಅಲ್ಲ. ಪೂರ್ಣ ಬ್ಯಾಕಪ್ ಹೊರಗಿನ ಡಿಸ್ಕ್‌ಗೆ ತೆಗೆದು, ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಿ. ಡೊಮೇನ್ ಕಂಟ್ರೋಲರನ್ನು (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಮಾತ್ರ ಇದ್ದಲ್ಲೇ ಏರಿಸದೆ ಹೊಸದನ್ನು ಕಟ್ಟಿ ಜವಾಬ್ದಾರಿ ವರ್ಗಾಯಿಸುವುದು ಲೇಸು. ಹೊಸ ಆವೃತ್ತಿಗೆ ಬಳಕೆದಾರರ ಲೈಸೆನ್ಸೂ ಹೊಸದೇ ಬೇಕು. ಬಜೆಟ್‌ನಲ್ಲಿ ಇದೇ ಮರೆತುಹೋಗುವುದು.

ಜೂನ್ ಬಂದರೆ ನಮ್ಮ ಕರಾವಳಿಯ ಕರೆಂಟಿನ ಕತೆ ಗೊತ್ತೇ ಇದೆ. ಯುಪಿಎಸ್ ಎರಡು ಗಂಟೆ ತಾಳುತ್ತದೆಯೇ ಎಂದು ಲೋಡ್ ಹಾಕಿಯೇ ಪರೀಕ್ಷಿಸಿ.

– ಸರ್ವರ್ ನಿರ್ವಾಹಕರು, ಉಡುಪಿ