ಶಿಬಿರದ ಹೊತ್ತು ನಮ್ಮ ಬಿಸಿಲಿಗೆ ಹೊಂದಲಿ

ಮಾನ್ಯ ಸಂಪಾದಕರೇ,

ಪರೀಕ್ಷೆಗಳು ಮುಗಿಯುತ್ತಾ ಬಂದವು. ನಮ್ಮ ವಿಜಯಪುರದಲ್ಲಿ ಬೇಸಿಗೆ ಶಿಬಿರದ ಬ್ಯಾನರ್‌ಗಳು ಆಗಲೇ ಕಂಬ ಏರಿವೆ. ಚಿತ್ರಕಲೆ, ಡ್ಯಾನ್ಸ್, ಅಬ್ಯಾಕಸ್, ಕರಾಟೆ ಎಲ್ಲವೂ ಇವೆ. ಆದರೆ ನಾನು ನೋಡಿದವುಗಳಲ್ಲಿ ಹೆಚ್ಚಿನವು ಬೆಳಿಗ್ಗೆ 10ಕ್ಕೆ ಶುರುವಾಗಿ ಸಂಜೆ 4ಕ್ಕೆ ಬಿಡುತ್ತವೆ. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಯಾರಿಗೂ ಹೊಸದಲ್ಲ.

ಈ ಬಿಸಿಲು ಕಂಡೇ ಸರ್ಕಾರ ಕಲಬುರಗಿ ವಿಭಾಗದ ಜೊತೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಬೇಸಿಗೆಯಲ್ಲಿ ಕಚೇರಿ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾ ಬಂದಿದೆ. ದೊಡ್ಡವರಿಗೇ ಇದು ಬೇಕು ಅಂದಮೇಲೆ ಮಕ್ಕಳಿಗೆ ಬೇಡವೇ?

ಹೋದ ವರ್ಷ ಮಗಳನ್ನು ಒಂದು ಶಿಬಿರಕ್ಕೆ ಸೇರಿಸಿದ್ದೆ. ತಗಡಿನ ಶೆಡ್ಡು, ಮೂಲೆಯಲ್ಲಿ ಎರಡು ಫ್ಯಾನು. ಮಧ್ಯಾಹ್ನ ಕರೆಂಟ್ ಹೋದರೆ ಮಕ್ಕಳು ಡ್ರಾಯಿಂಗ್ ಹಾಳೆಯಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಟೀಚರ್ ತುಂಬಾ ಪ್ರೀತಿಯಿಂದ ಕಲಿಸುತ್ತಿದ್ದರು, ಅವರದೇನೂ ತಪ್ಪಿಲ್ಲ. ಮಗಳು ಮಾತ್ರ ಮನೆಗೆ ಬಂದವಳೇ ತಲೆನೋವು ಎಂದು ಮಲಗಿಬಿಡುತ್ತಿದ್ದಳು. ಕೊನೆಗೆ ಅರ್ಧಕ್ಕೇ ಬಿಡಿಸಿದೆವು.

ಬೆಳಿಗ್ಗೆ 6.30ಕ್ಕೆ ಶುರು ಮಾಡಿ 9.30ಕ್ಕೆ ಮುಗಿಸಿದರೆ ಸಾಕು. ಆ ತಂಪು ಹೊತ್ತಿಗೆ ನಮ್ಮೂರಲ್ಲಿ ಏನು ಕಡಿಮೆ ಇದೆ? ಗೋಳಗುಮ್ಮಟಕ್ಕೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಪ್ರವಾಸಿಗರ ಗದ್ದಲ ಏಳುವ ಮೊದಲೇ ಮಕ್ಕಳನ್ನು ಮೇಲಿನ ಪಿಸುಮಾತಿನ ಗ್ಯಾಲರಿಗೆ ಹತ್ತಿಸಿ. ಒಬ್ಬಳು ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ತನ್ನ ಹೆಸರು ಹೇಳಲಿ. ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿ ಕೊಟ್ಟವಳಿಗೆ ಅದು ಕೇಳುತ್ತದೆ. ದುಂಡು ಗೋಡೆ ಹಿಡಿದು ಶಬ್ದ ಹೇಗೆ ಸಾಗುತ್ತದೆ ಎಂದು ವಿಜ್ಞಾನದ ಮಾಸ್ತರರು ಅಲ್ಲೇ ನಿಂತು ಹೇಳಿದರೆ ಯಾವ ಮಗು ಮರೆತೀತು? ಇನ್ನೊಂದು ದಿನ ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿಗೆ ಕರೆದೊಯ್ಯಿರಿ. ಆದಿಲ್‌ಶಾಹಿಗಳ ಕಾಲದಲ್ಲಿ ಊರಿನ ಬಾಯಾರಿಕೆ ಹೇಗೆ ನೀಗುತ್ತಿತ್ತು ಎಂಬುದು ಈ ಬಿಸಿಲಲ್ಲೇ ಚೆನ್ನಾಗಿ ತಿಳಿಯುತ್ತದೆ.

ಹಳ್ಳಿಗಳ ಕಡೆಗೂ ನೋಡಬೇಕು. ತಂದೆ ತಾಯಿ ಕೂಲಿಗೆ ಹೋದ ಮೇಲೆ ಮಕ್ಕಳನ್ನು ನೋಡಿಕೊಳ್ಳುವವರು ಇರುವುದಿಲ್ಲ. ಕೃಷಿ ಹೊಂಡಕ್ಕೋ ಕಾಲುವೆಗೋ ಈಜಲು ಹೋದ ಮಕ್ಕಳು ತೀರಿಕೊಂಡ ಸುದ್ದಿ ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಓದುತ್ತೇವೆ. ಓದಿದಾಗಲೆಲ್ಲ ಎದೆ ಝಲ್ ಎನ್ನುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಬಿಸಿಲ ಹೊತ್ತಿನಲ್ಲೂ ಮಕ್ಕಳು ನೆರಳಲ್ಲಿ ಕೂತು ಓದಲು, ಆಡಲು ವ್ಯವಸ್ಥೆ ಆಗಲಿ. ತಾಲ್ಲೂಕಿಗೊಂದು ಕಡೆಯಾದರೂ ತಿಳಿದವರ ಕಣ್ಣೆದುರಲ್ಲಿ ಈಜು ಕಲಿಸಲಿ. ಕರಾಟೆಗಿಂತ ಇದು ಮೊದಲು ಬೇಕು ಎನ್ನುವುದು ನನ್ನ ಅಭಿಪ್ರಾಯ.

ಇನ್ನು ತಾರೀಖಿನ ವಿಚಾರ. ಶಿಬಿರಗಳೆಲ್ಲ ಏಪ್ರಿಲ್‌ನಲ್ಲೇ ಮುಗಿಯಲಿ, ಮೇ ತಿಂಗಳು ಮನೆಯವರಿಗೆ ಉಳಿಯಲಿ. ಮದುವೆ, ಜಾತ್ರೆ, ಅಜ್ಜಿಯ ಊರು ಎಲ್ಲ ಆಗ ತಾನೇ? ನಮ್ಮ ಮನೆಯಲ್ಲಿ ಶಾವಿಗೆ ಹೊಸೆಯುವುದೂ ಆಗಲೇ. ಅತ್ತೆ ಹಿಟ್ಟು ನಾದುತ್ತಾರೆ, ನಾನು ಮಷಿನ್ ತಿರುಗಿಸುತ್ತೇನೆ. ಮಗ ಹಸಿ ಎಳೆಗಳನ್ನು ಕೋಲಿನ ಮೇಲೆ ಇಳಿಬಿಟ್ಟು, ಒಂದಕ್ಕೊಂದು ಅಂಟದಂತೆ ಮಾಳಿಗೆಗೆ ಒಯ್ಯುತ್ತಾನೆ. ಅವನ ಕೈ ಎಷ್ಟು ಹಗುರ ಎಂದು ನನಗೆ ಗೊತ್ತಾಗಿದ್ದೇ ಆಗ. ಶಿಬಿರ ಮೇ ಮಧ್ಯದಲ್ಲಿ ಬಂದರೆ ಇದೂ ಇಲ್ಲ, ಅದೂ ಪೂರ್ತಿ ಇಲ್ಲ.

ಆದ್ದರಿಂದ ಜಿಲ್ಲಾಡಳಿತ ಮತ್ತು ಶಿಕ್ಷಣ ಇಲಾಖೆ ಶಿಬಿರಗಳಿಗೆ ಬೆಳಗಿನ ಸಮಯ ಗೊತ್ತು ಮಾಡಲಿ. ಕುಡಿಯುವ ನೀರು, ನೆರಳು ಇಲ್ಲದ ಕಡೆ ಅನುಮತಿ ಕೊಡುವುದು ಬೇಡ. ಮುಂದಿನ ವರ್ಷದಿಂದ ತಾರೀಖುಗಳನ್ನು ಫೆಬ್ರುವರಿಯಲ್ಲೇ ತಿಳಿಸಿದರೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ರಜೆ ಹೊಂದಿಸಿಕೊಳ್ಳಲು ಸುಲಭ. ಈ ವರ್ಷ ಬ್ಯಾನರ್ ಕಟ್ಟಿದವರಿಗೂ ಇನ್ನೂ ಕಾಲ ಮಿಂಚಿಲ್ಲ. ದಯವಿಟ್ಟು ಶಿಬಿರದ ಹೊತ್ತನ್ನು ಈಗಲೇ ಬದಲಿಸಿ.

– ಇಬ್ಬರು ಮಕ್ಕಳ ತಾಯಿ, ವಿಜಯಪುರ