ಗ್ರೀಸಿಗೆ ಹೋಗುವವರು ಅವಲಕ್ಕಿಯ ಗಂಟು ಹೊರಬೇಕಾಗಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಗ್ರೀಸ್ ಪ್ರವಾಸದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆಕ್ರೊಪೊಲಿಸ್, ಡೆಲ್ಫಿ, ಸಾಂತೊರಿನಿಗಳ ವರ್ಣನೆ ಸೊಗಸಾಗಿದೆ. ಆದರೆ ಊಟದ ವಿಚಾರಕ್ಕೆ ಬಂದಾಗ ಲೇಖಕರು ಗೀರೊ, ಸುವ್ಲಾಕಿ, ಮುಸಾಕಾ ಎಂಬ ಮೂರು ಮಾಂಸದ ಅಡುಗೆಗಳನ್ನು ಮಾತ್ರ ಹೆಸರಿಸಿ, ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ, ಸಿದ್ಧ ಉಪ್ಪಿಟ್ಟಿನ ಪೊಟ್ಟಣಗಳನ್ನು ಕಟ್ಟಿಕೊಂಡು ಹೋಗುವುದು ಲೇಸೆಂದು ಹೇಳಿ ಮುಗಿಸಿದ್ದಾರೆ. ಈ ಮಾತು ಆ ದೇಶದ ಅಡುಗೆಗೂ ನಮ್ಮ ಪ್ರವಾಸಿಗರಿಗೂ ಅನ್ಯಾಯ ಮಾಡುತ್ತದೆ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಮಗಳು ಉದ್ಯೋಗದ ನಿಮಿತ್ತ ಅಥೆನ್ಸಿನಲ್ಲಿದ್ದಾಗ ನಾನೂ ನಮ್ಮ ಯಜಮಾನರೂ ಎರಡು ತಿಂಗಳು ಅವಳ ಜೊತೆಗಿದ್ದೆವು. ನಾವಿಬ್ಬರೂ ಮೊಟ್ಟೆಯನ್ನು ಸಹ ಮುಟ್ಟದವರು. ಮೈಸೂರಿನಿಂದ ಹೊತ್ತುಕೊಂಡು ಹೋಗಿದ್ದ ಅವಲಕ್ಕಿ ಮೊದಲ ಎರಡು ದಿನ ಖರ್ಚಾಯಿತು. ಉಳಿದದ್ದನ್ನು ಹೊರಡುವ ದಿನ ಮಗಳ ಅಡುಗೆಮನೆಯಲ್ಲೇ ಬಿಟ್ಟು ಬಂದೆವು.

ಇದಕ್ಕೆ ಮುಖ್ಯ ಕಾರಣ ಅವರ ಉಪವಾಸ. ಗ್ರೀಸಿನ ಬಹುಪಾಲು ಜನ ಆರ್ಥೊಡಾಕ್ಸ್ ಕ್ರೈಸ್ತರು. ಅವರ ಚರ್ಚಿನ ಕಟ್ಟಳೆಯಂತೆ ಈಸ್ಟರಿಗೆ ಮುಂಚಿನ ಸುಮಾರು ಏಳು ವಾರ, ಕ್ರಿಸ್‌ಮಸ್ಸಿಗೆ ಮುಂಚಿನ 40 ದಿನ, ಆಗಸ್ಟ್ ತಿಂಗಳ ಮೊದಲ ಎರಡು ವಾರ, ಇವಲ್ಲದೆ ವರ್ಷದ ಬಹುತೇಕ ಬುಧವಾರ ಮತ್ತು ಶುಕ್ರವಾರಗಳಂದು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ, ಚೀಸ್ ನಿಷಿದ್ಧ. ಈಸ್ಟರಿನ ಉಪವಾಸದಲ್ಲಂತೂ ಮೀನಿಗೆ ಎರಡೇ ದಿನ ವಿನಾಯಿತಿ. ಎಲ್ಲ ಕೂಡಿಸಿದರೆ ವರ್ಷದಲ್ಲಿ 180 ದಿನಗಳಿಗೂ ಹೆಚ್ಚು. ಇಂದು ಎಲ್ಲರೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆಂದಲ್ಲ. ಆದರೆ ನೂರಾರು ವರ್ಷ ಅರ್ಧ ವರ್ಷದಷ್ಟು ಕಾಲ ಕಾಳು, ಸೊಪ್ಪು, ತರಕಾರಿಗಳಲ್ಲೇ ಮನೆಮಂದಿಗೆ ರುಚಿಯಾಗಿ ಬಡಿಸಬೇಕಾಗಿ ಬಂದ ಗೃಹಿಣಿಯರ ಕೈ ಎಷ್ಟು ಪಳಗಿರಬೇಕು ಎಂಬುದನ್ನು ಏಕಾದಶಿಯ ಫಲಾಹಾರ ಮಾಡಿ ಬಲ್ಲ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಪವಾಸಕ್ಕೆ ಸಲ್ಲುವ ಅಡುಗೆಯನ್ನು ಅವರು ‘ನಿಸ್ತೀಸಿಮೊ’ ಎನ್ನುತ್ತಾರೆ; ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ತರಕಾರಿ ಅಡುಗೆಗಳಿಗೆ ‘ಲಾದೆರಾ’ ಎಂಬ ಹೆಸರಿದೆ. ಪ್ರವಾಸಿ ಈ ಎರಡು ಪದಗಳನ್ನು ಕಲಿತುಕೊಂಡರೆ ಅರ್ಧ ಕೆಲಸ ಮುಗಿಯಿತು.

ಮಗಳ ಮನೆಯ ಬೀದಿಯಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಒಂದು ಸಣ್ಣ ತವೆರ್ನಾ, ಎಂದರೆ ಊಟದ ಮನೆ, ಇತ್ತು. ನಮಗೆ ಅವರ ಭಾಷೆ ಬಾರದ್ದನ್ನು ಕಂಡು ಆ ಗೃಹಿಣಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಒಲೆಯ ಮೇಲಿನ ಪಾತ್ರೆಗಳ ಮುಚ್ಚಳವನ್ನು ಒಂದೊಂದಾಗಿ ತೆಗೆದು ತೋರಿಸಿದರು. ಆಗಷ್ಟೇ ಒಲೆಯಿಂದ ಹೊರಬಂದ ಅಗಲವಾದ ತಟ್ಟೆಯಲ್ಲಿ ತಿರುಳು ತೆಗೆದ ಟೊಮೆಟೊ ಮತ್ತು ದೊಣ್ಣೆ ಮೆಣಸಿನಕಾಯಿಗಳು ಸಾಲಾಗಿ ಕುಳಿತಿದ್ದವು. ಅವುಗಳ ಹೊಟ್ಟೆಯಲ್ಲಿ ಅಕ್ಕಿ, ಈರುಳ್ಳಿ, ಪುದೀನ ಮತ್ತು ಅದೇ ಟೊಮೆಟೊದ ತಿರುಳು. ಕೊಯ್ದ ತೊಟ್ಟಿನ ಭಾಗವೇ ಅವುಗಳ ಮುಚ್ಚಳ. ನಡುವಿನ ಸಂದುಗಳಲ್ಲಿ ರಸ ಹೀರಿ ಕೆಂಪಾದ ಆಲೂಗಡ್ಡೆಯ ಹೋಳುಗಳು. ಸಿಪ್ಪೆ ಅಲ್ಲಲ್ಲಿ ಕಪ್ಪಗೆ ಸುಕ್ಕುಗಟ್ಟಿ, ಅಂಚಿನಲ್ಲಿ ಎಣ್ಣೆ ಇನ್ನೂ ಗುಳುಗುಳು ಎನ್ನುತ್ತಿತ್ತು. ನಮ್ಮ ಎಣ್ಣೆಗಾಯಿಯ ನೆನಪು ಬಾರದಿರಲು ಸಾಧ್ಯವೇ ಇರಲಿಲ್ಲ. ಇದರ ಹೆಸರು ಯೆಮಿಸ್ತಾ. ಕೊಚ್ಚಿದ ಮಾಂಸ ತುಂಬುವ ರೂಢಿಯೂ ಇರುವುದರಿಂದ ಮಾಂಸವಿಲ್ಲದ್ದನ್ನು ಪ್ರೀತಿಯಿಂದ ‘ಒರ್ಫನಾ’, ಅಂದರೆ ತಬ್ಬಲಿ, ಎಂದು ಕರೆಯುತ್ತಾರೆಂದು ಮಗಳು ತಿಳಿಸಿದಳು. ಈ ಅಡುಗೆಗಳನ್ನು ಅವರು ಹೊಗೆಯಾಡುವ ಬಿಸಿಯಲ್ಲಿ ಬಡಿಸುವುದಿಲ್ಲ, ಉಗುರು ಬೆಚ್ಚಗೆ ಆರಿದ ಮೇಲೆ ಬಡಿಸುತ್ತಾರೆ. ನಮ್ಮವರು ಇದನ್ನು ತಂಗಳೆಂದು ತಿಳಿದು ತಟ್ಟೆ ಹಿಂದಿರುಗಿಸುವುದನ್ನು ನಾನೇ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬಾರದು. ಎಣ್ಣೆ ಮತ್ತು ರಸ ಒಂದಕ್ಕೊಂದು ಹೊಂದಿಕೊಳ್ಳುವುದೇ ಆರಿದ ಮೇಲೆ.

ಸಾಂತೊರಿನಿಯ ಬಗ್ಗೆ ಅರ್ಧ ಪುಟ ಬರೆದ ಲೇಖಕರು ಅಲ್ಲಿನ ‘ಫಾವಾ’ವನ್ನು ಮರೆತದ್ದು ನನಗೆ ಬಹಳ ಬೇಸರ ತಂದಿತು. ಜ್ವಾಲಾಮುಖಿಯ ಬೂದಿ ಮಣ್ಣಿನಲ್ಲಿ ಮಳೆಯ ಆಸರೆ ಹೆಚ್ಚಿಲ್ಲದೆ ಬೆಳೆಯುವ ಹಳದಿ ಬೇಳೆಯಿದು. ಬೂದಿಯಡಿ ಹೂತುಹೋಗಿದ್ದ ಅಕ್ರೊತೀರಿಯ ಪ್ರಾಚೀನ ಪಟ್ಟಣದ ಉತ್ಖನನದಲ್ಲಿಯೂ ಇದೇ ಕಾಳು ಸಿಕ್ಕಿರುವುದರಿಂದ ಮೂರೂವರೆ ಸಾವಿರ ವರ್ಷಗಳ ಹಿಂದೆಯೂ ಆ ದ್ವೀಪದವರು ಇದನ್ನು ಉಣ್ಣುತ್ತಿದ್ದರೆಂದು ತಿಳಿಯುತ್ತದೆ. ಬೇಳೆಯನ್ನು ಈರುಳ್ಳಿಯೊಡನೆ ನುಣ್ಣಗಾಗುವಂತೆ ಬೇಯಿಸಿ, ನಮ್ಮ ಗಟ್ಟಿ ತೊವ್ವೆಯ ಹದಕ್ಕೆ ತಂದು, ಮೇಲೆ ಹಸಿ ಈರುಳ್ಳಿ ಮತ್ತು ಉಪ್ಪಿನಲ್ಲಿ ನೆನೆಸಿದ ಕೇಪರ್ ಮೊಗ್ಗುಗಳನ್ನು ಉದುರಿಸಿ, ಆಲಿವ್ ಎಣ್ಣೆ ಸುರಿದು, ನಿಂಬೆಹಣ್ಣು ಹಿಂಡುತ್ತಾರೆ. ಒಗ್ಗರಣೆಯಿಲ್ಲ, ಅರಿಸಿನವಿಲ್ಲ, ಆದರೂ ತಟ್ಟೆ ಬರಿದಾಗುವವರೆಗೆ ಕೈ ನಿಲ್ಲುವುದಿಲ್ಲ.

ಇನ್ನು ಸೊಪ್ಪು. ಬೇಯಿಸಿದ ಸೊಪ್ಪಿಗೆ ಎಣ್ಣೆ, ನಿಂಬೆರಸ ಹಾಕಿದ ‘ಹೊರ್ತಾ’ ಸಾಮಾನ್ಯವಾಗಿ ಎಲ್ಲ ತವೆರ್ನಾಗಳಲ್ಲಿಯೂ ಸಿಗುತ್ತದೆ. ಬೇಸಿಗೆಯಲ್ಲಿ ‘ವ್ಲೀತಾ’ ಎಂದು ಬಡಿಸುವುದು ನಮ್ಮ ಹರಿವೆ, ಕೀರೆಗಳ ಕುಲದ ಸೊಪ್ಪು. ಸಲಾಡಿಗೆ ಹಾಕುವ ‘ಗ್ಲಿಸ್ತ್ರೀದಾ’ ನಮ್ಮ ಗೋಣಿ ಸೊಪ್ಪೇ. ಸಿಫ್ನೊಸ್ ದ್ವೀಪದವರು ಶನಿವಾರ ರಾತ್ರಿ ಕಡಲೆಕಾಳನ್ನು ಮಣ್ಣಿನ ಗಡಿಗೆಗೆ ತುಂಬಿ ಸೌದೆಯ ಒಲೆಯಲ್ಲಿಟ್ಟು ಭಾನುವಾರ ಮಧ್ಯಾಹ್ನ ಹೊರತೆಗೆಯುವ ‘ರೆವಿಥಾದಾ’, ಟೊಮೆಟೊ ರಸದಲ್ಲಿ ಬೆಂದ ದಪ್ಪ ಬಿಳಿ ಬೀನ್ಸ್ ಕಾಳಿನ ‘ಯಿಗಾಂತೆಸ್’, ಕ್ರೀಟಿನಲ್ಲಿ ಬಾರ್ಲಿಯ ಗಟ್ಟಿ ರೊಟ್ಟಿಯ ಮೇಲೆ ತುರಿದ ಟೊಮೆಟೊ ಮತ್ತು ಮೃದುವಾದ ಚೀಸ್ ಹರಡಿ ಕೊಡುವ ‘ದಾಕೊಸ್’, ಇವು ಯಾವುದನ್ನೂ ಬಿಡಬಾರದು. ಈಸ್ಟರಿನ ಉಪವಾಸ ಆರಂಭವಾಗುವ ಸೋಮವಾರ ಅಲ್ಲಿದ್ದರೆ ಆ ಒಂದು ದಿನಕ್ಕೆಂದೇ ಸುಡುವ ಎಳ್ಳು ಮೆತ್ತಿದ ‘ಲಗಾನಾ’ ರೊಟ್ಟಿಯನ್ನು ಕೊಂಡು, ಎಳ್ಳಿನ ಹಲ್ವದ ಜೊತೆ ಕಟ್ಟಿಕೊಂಡು, ಅಥೆನ್ಸಿನ ಫಿಲೊಪಾಪು ಗುಡ್ಡಕ್ಕೆ ಹೋಗಿ. ಅಂದು ಮಕ್ಕಳು ದೊಡ್ಡವರೆನ್ನದೆ ಊರೇ ಗಾಳಿಪಟ ಹಾರಿಸುತ್ತದೆ.

ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ಸೀಗಡಿ, ಆಕ್ಟೊಪಸ್, ಕಪ್ಪೆಚಿಪ್ಪುಗಳಿಗೆ ಉಪವಾಸದಲ್ಲಿ ಅವಕಾಶವಿರುವುದರಿಂದ ‘ನಿಸ್ತೀಸಿಮೊ’ ಎಂದೊಡನೆ ಕಣ್ಣು ಮುಚ್ಚಿ ನಂಬಬಾರದು. ‘ತರಾಮಾ’ ಎಂಬ ತಿಳಿಗುಲಾಬಿ ಬಣ್ಣದ ಚಟ್ನಿಯಂಥ ಪದಾರ್ಥ ಮೀನಿನ ಮೊಟ್ಟೆಯಿಂದ ಮಾಡಿದ್ದು. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ದೊಲ್ಮಾದೆಸ್‌ನಲ್ಲಿ ಮಾಂಸದ್ದೂ ಉಂಟು, ಬರಿಯ ಅಕ್ಕಿಯದೂ ಉಂಟು. ಅಕ್ಕಿಯದು ಬೇಕಾದರೆ ‘ಯಲಾಂಜಿ’ ಎಂದು ಕೇಳಬೇಕು. ಕುರಿಯ ಹಾಲಿಗೆ ಶೇಕಡಾ 30ರವರೆಗೆ ಮೇಕೆಯ ಹಾಲನ್ನು ಸೇರಿಸಬಹುದಾದ ಫೆತಾ ಚೀಸನ್ನು ಸಂಪ್ರದಾಯದಂತೆ ಕುರಿಮರಿ, ಮೇಕೆಮರಿಗಳ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಈ ಸಂಗತಿ ತಿಳಿದ ಮೇಲೆ ನಮ್ಮ ಯಜಮಾನರು ಫೆತಾ ಬಿಟ್ಟರು. ತಿನ್ನುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟ ವಿಷಯವಾದರೂ, ತಿಳಿಸುವುದು ಬರೆಯುವವರ ಕರ್ತವ್ಯ.

ಮಾಂಸಾಹಾರಿ ಓದುಗರಿಗೂ ಲೇಖನದಿಂದ ಪೂರ್ಣ ನ್ಯಾಯ ಸಿಕ್ಕಿಲ್ಲ. ಪ್ರಾಚೀನ ಅಡುಗೆಯೆಂದು ಲೇಖಕರು ಹೊಗಳಿದ ಮುಸಾಕಾದ ಮೇಲಿನ ಬಿಳಿಯ ಕೆನೆಯಂಥ ಪದರ ಇಪ್ಪತ್ತನೆಯ ಶತಮಾನದ್ದು. 1920ರ ದಶಕದಲ್ಲಿ ಫ್ರೆಂಚ್ ಪದ್ಧತಿಯನ್ನು ಗ್ರೀಕ್ ಅಡುಗೆಗೆ ಬೆರೆಸಿದ ಬಾಣಸಿಗ ನಿಕೊಲಾವೊಸ್ ತ್ಸೆಲೆಮೆಂತೆಸ್ ಅವರು ಅದನ್ನು ರೂಢಿಗೆ ತಂದರೆಂದು ಹೇಳುತ್ತಾರೆ. ಮೀನು ತಿನ್ನುವವರು ಮಾರ್ಚ್ 25ರಂದು ಅಲ್ಲಿದ್ದರೆ, ಮನೆಮನೆಯಲ್ಲೂ ಮಾಡುವ ಕರಿದ ಕಾಡ್ ಮೀನು ಮತ್ತು ಬೆಳ್ಳುಳ್ಳಿ ಚಟ್ನಿಯಂಥ ‘ಸ್ಕೊರ್ದಲ್ಯಾ’ವನ್ನು ಸವಿಯಬಹುದು. ಒಟ್ಟಿನಲ್ಲಿ ಎಲ್ಲಿ ಉಣ್ಣುತ್ತೇವೆ ಎಂಬುದು ಮುಖ್ಯ. ಆಕ್ರೊಪೊಲಿಸ್ಸಿನ ಬುಡದಲ್ಲಿ ಬಣ್ಣದ ಚಿತ್ರಗಳ ಪಟ್ಟಿ ಹಿಡಿದು ಬೀದಿಯಲ್ಲಿ ನಿಂತು ಕರೆಯುವ ಒಂದು ಹೋಟೆಲಿನಲ್ಲಿ ನಾವು ಮೊದಲ ದಿನ ಉಂಡ ಬಿಳುಚಿದ ಟೊಮೆಟೊದ ಸಲಾಡಿನ ಬೆಲೆಗೆ, ಆಮೇಲೆ ನಮ್ಮ ಬೀದಿಯ ತವೆರ್ನಾದಲ್ಲಿ ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿಯನ್ನು, ಸಾಧ್ಯವಾದರೆ ಈ ಅಡುಗೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಒಂದು ಚೌಕಟ್ಟಿನೊಳಗೆ ಹಾಕಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ‘ಹೊರೀಸ್ ಕ್ರೆಯಾಸ್’, ಎಂದರೆ ಮಾಂಸವಿಲ್ಲದೆ, ಎಂಬ ಮಾತನ್ನೂ ಅದರಲ್ಲಿ ಸೇರಿಸಿ. ಓದುಗರು ಆ ಚೌಕಟ್ಟನ್ನು ಕತ್ತರಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು ಹೋಗಬಹುದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಳು, ಮೈಸೂರು