ಸ್ಟೀವ್ ಇರ್ವಿನ್ ನೆನಪಿಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಇವತ್ತು ಸೆಪ್ಟೆಂಬರ್ 4. 2006ರಲ್ಲಿ ಇದೇ ದಿನ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸ್ಟಿಂಗ್‌ರೇ ಮೀನಿನ ಮುಳ್ಳು ಎದೆಗೆ ಚುಚ್ಚಿ, ಟಿವಿಯಲ್ಲಿ ವನ್ಯಜೀವಿಗಳ ಕಾರ್ಯಕ್ರಮ ನಡೆಸುತ್ತಿದ್ದ ಸ್ಟೀವ್ ಇರ್ವಿನ್ ತೀರಿಕೊಂಡರು. ಬರೀ 44 ವರ್ಷ.

ಮೊಸಳೆ ಹಿಡಿಯುತ್ತಿದ್ದ ಧೈರ್ಯವಂತ ಅಂತಲೇ ಹೆಚ್ಚಿನವರಿಗೆ ಅವರ ನೆನಪು, ಅಲ್ವಾ? ನನಗೆ ಅವರು ಮನೆಯವರನ್ನು ಜೊತೆಗಿಟ್ಟುಕೊಂಡೇ ಬದುಕಿದ ರೀತಿ ಜಾಸ್ತಿ ಇಷ್ಟ. ಮೊಸಳೆ ಹಿಡಿಯುವುದನ್ನು ಒಂಬತ್ತನೇ ವಯಸ್ಸಿನಲ್ಲೇ ಕಲಿಸಿದವರು ಅಪ್ಪ ಬಾಬ್. ಅಪ್ಪ-ಮಗ ಬರ್ಡಿಕಿನ್ ನದಿಯಲ್ಲಿ ಕಂಡ ಹೊಸ ಜಾತಿಯ ಆಮೆಗೆ ಇರ್ವಿನ್ ಹೆಸರನ್ನೇ ಇಟ್ಟಿದ್ದಾರೆ. 1992ರಲ್ಲಿ ಟೆರ್ರಿ ಜೊತೆ ಮದುವೆಯಾಯಿತು. ಮಧುಚಂದ್ರವೂ ಮೊಸಳೆಗಳ ನಡುವೆಯೇ! ಮಗಳು ಬಿಂಡಿಗೆ ಇಟ್ಟಿದ್ದು ಅವರ ಅಚ್ಚುಮೆಚ್ಚಿನ ಮೊಸಳೆಯ ಹೆಸರು. ಅಪ್ಪನ ಶ್ರದ್ಧಾಂಜಲಿ ಸಭೆಯಲ್ಲಿ ಆ ಎಂಟು ವರ್ಷದ ಮಗು ಸಾವಿರಾರು ಜನರ ಮುಂದೆ ನಿಂತು ಮಾತಾಡಿದ್ದಳು. ತಮ್ಮ ರಾಬರ್ಟ್‌ಗೆ ಆಗಿನ್ನೂ ಮೂರು ತುಂಬಿರಲಿಲ್ಲ. ಇರ್ವಿನ್ ನಡೆಸುತ್ತಿದ್ದ ಕ್ವೀನ್ಸ್‌ಲ್ಯಾಂಡಿನ ಮೃಗಾಲಯವನ್ನು ಈಗ ಅಮ್ಮ, ಮಕ್ಕಳು ಸೇರಿ ನಡೆಸುತ್ತಿದ್ದಾರೆ.

ಭಾನುವಾರದ ನಡಿಗೆಗೆ ಮಕ್ಕಳನ್ನೂ ಖಂಡಿತ ಕರೆತನ್ನಿ. ದಾರಿಯಲ್ಲಿ ಅವರಿಗೆ ಈ ಕತೆ ಹೇಳೋಣ. ಹಾವು ಕಂಡರೆ ದೂರ ನಿಂತು ನೋಡಬೇಕು, ಮುಟ್ಟಬಾರದು ಎಂದು ಮನೆಯಲ್ಲೇ ಹೇಳಿ ಕರೆತನ್ನಿ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.